ಅಕ್ಷರ ಚಂದ ಇದ್ದಾವ

ತಾ ಇಲ್ಲಿ ಆ ಝೆರಾಕ್ಸು, ತಂಗಿ.
ಚಷ್ಮಾ ಬ್ಯಾಡ. ಉರ್ದು ಅದ, ನಿನಗ ಬರಂಗಿಲ್ಲ.
ನನಗ ಓದೋ ಜರೂರಿಲ್ಲ,
ಇದು ನನ್ನ ಕೈ.
'ನೂನ್'ನ ಹೊಟ್ಟಿ ನೋಡು, ಹೆಂಗ ದುಂಡಗ ಕುಂತದ.
ಕಲಬುರಗಿ ಜೇಲಿನಾಗ ಹಂಗ ಬರೆಯಾವ ನಾನೊಬ್ಬನೇ ಇದ್ದೆ.

ರೇಷನ್ ಚೀಟಿಗಿ ತಹಸೀಲ್ದಾರನ ಸಹಿ ಹೊಡದು
ಒಳಗ ಬಂದಾವ. ಎರಡು ವರ್ಷ.
ಅಕ್ಷರ ಚಂದ ಅದ ಅಂತ ಬೀಸೋ ಕಲ್ಲು ಬಿಡಿಸಿ
ದವಾಖಾನಿಗಿ ತಂದು ಕುಂದರ್ಸಿದ್ರು.

ಲಡಾಯಿ ಕಾಲ. ಜಾವಾ ಹೋಗಿತ್ತು, ಅದರ ಹಿಂದೇ ಕೊಯಿನೈನೂ ಹೋಗಿತ್ತು.
ಬರ್ಮಾದಾಗ ಗುಂಡಿಗೆ ಬಿದ್ದಾವ್ರಿಗಿಂತ
ಜ್ವರಕ್ಕ ಬಿದ್ದಾವ್ರೇ ಹೆಚ್ಚು ಅಂತಿದ್ರು.
ಸಿಕಂದರಾಬಾದಿನಿಂದ ಒಬ್ಬ ಕಪ್ತಾನ ಡಾಕ್ಟರ್ ಬಂದ,
ಮೆತ್ತನ್ನ ಮನುಷ್ಯಾ, ಯಾರಿಗೂ ಒಂದು ಮಾತು ಬೈದಾವಲ್ಲ.
ಟ್ರಂಕಿನಾಗ ಹಳದಿ ಗುಳಗಿ,
ಗಾಜಿನ ಭರಣಿಯೊಳಗ ಸೊಳ್ಳಿ.
ಬಾಯಿಗಿ ಮಲಮಲ್ ಬಿಗದು
ತೊಡಿ ಮ್ಯಾಲ ಬೋರಲ ಹಾಕೋದು, ಗಡಿಯಾರ ನೋಡೋದು.
ಒಬ್ಬೊಬ್ಬಗ ಹತ್ತು.
ಕಚ್ಚಿದ್ದೆಷ್ಟು, ಕಚ್ಚದಿದ್ದೆಷ್ಟು, ನಾ ಬರೀಬೇಕು.

ಒಪ್ಪಿದಾವ್ರಿಗಿ ದಿನಾ ಅರ್ಧ ಸೇರು ಹಾಲು,
ಮೂರು ತಿಂಗಳ ಮಾಫಿ.
ಕಾಗದ ಇಂಗ್ಲೀಷಿನಾಗಿತ್ತು.
'ಏನದ, ಓದಿ ಹೇಳೋ ಮುನ್ಶಿ' ಅಂದ್ರು.
ನನಗ ಎಲ್ಲಿ ಇಂಗ್ಲೀಷು?
'ಹಾಲು ಕೊಡ್ತಾರಂತ' ಅಂದೆ.
ಹದಿನಾಲ್ಕು ಹೆಬ್ಬೆಟ್ಟು ಬಿದ್ದವು.

ಏಳು ಮಂದಿಗಿ ಹಳದಿ ಗುಳಗಿ, ಏಳು ಮಂದಿಗಿ ಬರೇ ಸುಣ್ಣದ್ದು.
ಯಾರಿಗಿ ಯಾವುದು ಅಂತ ಕಪ್ತಾನಗ ಗೊತ್ತು, ನನಗ ಗೊತ್ತು.
ಆಳಂದದ ಗೈಬೀಸಾಬಗ ಕಣ್ಣಿನ ಬಿಳಿ ಸುದ್ದಾ ಹಳದಿ ಆಗಿ
'ನೋಡ್ರೋ, ಮದುಮಗಗ ಅರಿಶಿಣ ಹಚ್ಯಾರ' ಅಂತ ನಕ್ಕ.
ಮುಂದಿನ ವಾರ ಗ್ವಾಡಿ ಜೋಡಿ ಮಾತಾಡ್ಲತ್ತಿದ್ದ.

ಏಳನೇ ನಂಬರು ಸಾಯಬಣ್ಣ, ಶಹಾಬಾದ ಖಣಿಯಾಂವ.
'ನಂದ್ಯಾಕ ಬೆಳ್ಳಗ ಅದ?' ಅಂತ ಕೇಳ್ದ.
'ನಿಂದು ಭಾರಿ ಔಷಧ' ಅಂದೆ.
ಜ್ವರ ಏರಿದ್ರ ಖಾಟಿನ ಮ್ಯಾಲ ನಿಲ್ಲಾವಲ್ಲ,
ಇಳದು ಫರಸಿಗಿ ಗಲ್ಲ ಹಚ್ಚಿ ಮಲಗಾಂವ,
ಬೆರಳಲೆ ಕಲ್ಲು ತಡವಾಂವ:
'ಮುನ್ಶಿ, ಇದು ನಮ್ಮ ಕಾಕಾ ಕಡದ ಕಲ್ಲು.
ಆಂವ ಎಡಚ. ನೋಡಿಲ್ಲಿ,
ಉಳಿ ಏಟು ಹೆಂಗ ಬಲಕ್ಕ ವಾಲ್ಯಾವ.'
ನಾ ನೋಡ್ಲಿಲ್ಲ.
ನೂರಾ ಐದು, ಬರದೆ.
ಸಂಜಿಗಿ ನೂರಾ ಆರು.

ಹನ್ನೊಂದನೇ ದಿನ ಮುಂಜಾನೆ
ಫರಸಿ ತಣ್ಣಗಿತ್ತು, ಆಂವನೂ.
ಕಪ್ತಾನ ಸಾಬೂನು ಹಚ್ಚಿ ಎರಡು ಸಲ ಕೈ ತೊಳಕೊಂಡ.
'ವಫಾತ್ ಬರೀಬ್ಯಾಡ. ರಿಹಾ ಅಂತ ಬರಿ.'
ರಿಹಾ ಅಂದ್ರ ಬಿಡುಗಡಿ, ತಂಗಿ. ಇಗೋ, ಏಳನೇ ಸಾಲು.
ಹಾಳಿ ಕಡೀಕ ಇನ್ನೊಂದು ರಿಹಾ ಅದ,
ಅದೇ ಶಾಯಿ, ಮೂರು ದಿನ ಮುಂದಿನ ತಾರೀಖು.
ಅದು ನಾನು.
ಸುಳ್ಳು ಬರದು ಒಳಗ ಹೋದಾವ
ಸುಳ್ಳು ಬರದೇ ಹೊರಗ ಬಂದೆ.

ನಿಲ್ಲು, ಮಡಚಬ್ಯಾಡ.
ನೀ ಇಷ್ಟು ದೂರ ಬಂದದ್ದು ಕೆಳಗಿನ ಸಹಿ ಸಲುವಾಗಿ ಅಲ್ಲ?
ಕಪ್ತಾನಂದೇ ಅಂತ ನಿಮ್ಮ ಪುಸ್ತಕದಾಗ ಹಾಕ್ತಿ.
ಆಂವ ಅವತ್ತ ಏನಂದ ಗೊತ್ತದ?
'ನನ್ನ ಕೈ ಒದ್ದಿ ಅವ. ನೀನೇ ಹಾಕು,
ನಿನಗ ಬರ್ತದಲ್ಲ.'

ಹಾಕ್ದೆ.
ಆಂವಗಿಂತ ಚಂದ ಹಾಕೀನಿ.

ಜೇಲಿನೊಳಗ ಬಿಟ್ರ ಹೋಗಿ ಬಾ.
ಹಳೀ ದವಾಖಾನಿ ಖೋಲಿ, ಕಿಡಕಿ ಬಲ್ಲಿ ಮೂರನೇ ಫರಸಿ.
ಕಣ್ಣಿಗಿ ಕಾಣಂಗಿಲ್ಲ, ಬೆರಳಲೆ ನೋಡು,
ಬಲಕ್ಕ ವಾಲ್ಯಾವೋ ಇಲ್ಲೋ
ಬಂದು ನನಗ ಹೇಳು.